ಅಪ್ಪಂದಿರು ಕೊಟ್ಟ ಮಾತು, ಮಕ್ಕಳ ಮೈಗೆ ಏಟು: ‘ರಾನ್ಮಾ ½’ ಜಗಳಗಳ ಒಳಲೆಕ್ಕ

ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸರಣಿ ‘ರಾನ್ಮಾ ½’ ನೋಡಲು ಕೂತವರು ಐದಾರು ಎಪಿಸೋಡ್ ಮುಗಿಸುವಷ್ಟರಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಯಾರು ಯಾರ ಮೇಲೆ, ಯಾಕೆ ಬೀಳುತ್ತಿದ್ದಾರೆ ಅನ್ನೋದೇ ತಿಳಿಯುವುದಿಲ್ಲ. ಒಬ್ಬಳು ಜಿಮ್ನಾಸ್ಟಿಕ್ಸ್ ರಿಬ್ಬನ್ ಬೀಸುತ್ತಾ ಬರುತ್ತಾಳೆ. ಇನ್ನೊಬ್ಬಳು ಬೆನ್ನಿಗೆ ಆಳುದ್ದದ ಸಟ್ಟುಗ ಕಟ್ಟಿಕೊಂಡು ಬರುತ್ತಾಳೆ. ಒಬ್ಬ ಹುಡುಗ ಚಹಾದ ಬಟ್ಟಲು ಹಿಡಿದು, ಮಂಡಿಯೂರಿ ಕೂತಲ್ಲಿಂದಲೇ ಕಾಳಗಕ್ಕೆ ಇಳಿಯುತ್ತಾನೆ. ಮಧ್ಯೆ ಒಂದು ಪಾಂಡಾ ಹಲಗೆಯ ಮೇಲೆ ಏನೋ ಬರೆದು ಎತ್ತಿ ತೋರಿಸುತ್ತದೆ. ಇವರೆಲ್ಲರಿಗೂ ಒಂದೊಂದು ಗುರುಮನೆ, ಒಂದೊಂದು ಹಗೆ, ಒಂದೊಂದು ಮದುವೆಯ ಹಕ್ಕು.

ಮೇಲ್ನೋಟಕ್ಕೆ ಬರೀ ಗಲಾಟೆ. ಆದರೆ ಎರಡು ವಿಷಯ ಗೊತ್ತಿದ್ದರೆ ಇಡೀ ಕಥೆ ಬಿಡಿಸಿಕೊಳ್ಳುತ್ತದೆ. ಜಪಾನಿನಲ್ಲಿ ಸಮರಕಲೆಯ ಪರಂಪರೆಗಳು ನಿಜವಾಗಿ ಹೇಗೆ ನಡೆಯುತ್ತಿದ್ದವು ಎಂಬುದು ಮೊದಲನೆಯದು. ಈ ಕಥೆಯ ಜಗಳಗಳಲ್ಲಿ ಹೆಚ್ಚಿನವು ಹಿರಿಯರು ಯಾವತ್ತೋ ಕೊಟ್ಟ ಮಾತಿನಿಂದ, ಮಾಡಿದ ಮೋಸದಿಂದ ಹುಟ್ಟಿದವು ಎಂಬುದು ಎರಡನೆಯದು. ಈ ಎರಡನೆಯದೇ ಕಥೆಯ ಜೀವ ಅಂತ ನನ್ನ ನಂಬಿಕೆ. ಅಲ್ಲಿಗೆ ಹೋಗಲು ಮೊದಲನೆಯದನ್ನು ದಾಟಬೇಕು.

ಇದನ್ನು ಮೊದಲು ಮಂಗಾ, ಅಂದರೆ ಜಪಾನಿ ಕಾಮಿಕ್ ಆಗಿ ಬರೆದು ಚಿತ್ರಿಸಿದವರು ರುಮಿಕೊ ತಾಕಾಹಾಶಿ. 1957ರಲ್ಲಿ ನೀಗಾತಾದಲ್ಲಿ ಹುಟ್ಟಿದವರು. ‘ರಾನ್ಮಾ ½’ 1987ರಿಂದ 1996ರವರೆಗೆ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಬಂತು. ಪುಸ್ತಕವಾದಾಗ 38 ಸಂಪುಟ. ವಾರ ವಾರವೂ ಹೊಸ ಕಂತು, ಸುಮಾರು ಒಂಬತ್ತು ವರ್ಷ. ಅಷ್ಟು ಕಾಲ ಓದುಗರನ್ನು ಹಿಡಿದಿಡಲು ಬತ್ತದ ಒಂದು ಸೆಲೆ ಬೇಕಿತ್ತು. ಪರಂಪರೆಗಳ ಪೈಪೋಟಿಯಲ್ಲಿ ಅವರಿಗೆ ಅದು ಸಿಕ್ಕಿತು.

ಪರಂಪರೆ ಅಂದರೆ ಅಲ್ಲಿ ಏನು?

ಹಳೆಯ ಜಪಾನಿನಲ್ಲಿ ಕತ್ತಿವರಸೆಯನ್ನಾಗಲಿ ಬರಿಗೈ ಕಾಳಗವನ್ನಾಗಲಿ ಒಬ್ಬ ಗುರುವಿನ ಹೆಸರಿನ ಅಡಿಯಲ್ಲಿ ಕಲಿಯಬೇಕಿತ್ತು. ಆ ಗುರುವಿನ ಸಾಲಿಗೆ ‘ರ್ಯೂ’ ಅನ್ನುತ್ತಾರೆ. ಕಲಿಯುವ ಜಾಗ ಡೋಜೊ, ಅಂದರೆ ಅವರ ಗರಡಿ. ನಮ್ಮ ಹಿಂದೂಸ್ತಾನಿ ಸಂಗೀತದ ಘರಾಣೆಯನ್ನು ನೆನೆಸಿಕೊಂಡರೆ ರ್ಯೂ ಅರ್ಧ ಅರ್ಥವಾದ ಹಾಗೆ. ಸ್ವರ ಹಚ್ಚುವ ರೀತಿ ಕೇಳಿಯೇ ಧಾರವಾಡದ ಕಡೆಯ ರಸಿಕರು ಇದು ಕಿರಾಣಾ ಅಂತ ಹೇಳಿಬಿಡುತ್ತಾರೆ. ಅಲ್ಲಿಯೂ ಹಾಗೆಯೇ, ಕತ್ತಿ ಎತ್ತಿ ನಿಂತ ಭಂಗಿ ನೋಡಿದರೆ ಇವನು ಯಾವ ಗುರುವಿನ ಮನೆಯವನು ಅಂತ ಬಲ್ಲವರಿಗೆ ಗೊತ್ತಾಗುತ್ತಿತ್ತು.

ರ್ಯೂಗಳಲ್ಲಿ ಗುಟ್ಟು ಜಾಸ್ತಿ. ಕೆಲವು ಕಡೆ ಸೇರುವಾಗಲೇ ಬೆರಳಿನ ರಕ್ತದಿಂದ ಗುರುತು ಹಾಕಿ, ಕಲಿತದ್ದನ್ನು ಹೊರಗೆ ಬಿಟ್ಟುಕೊಡುವುದಿಲ್ಲ ಅಂತ ಪ್ರಮಾಣ ಮಾಡಬೇಕಿತ್ತು. ವರಸೆಗಳ ಪಟ್ಟಿಯನ್ನು ಸುರುಳಿ ಕಾಗದದಲ್ಲಿ ಬರೆದಿಡುತ್ತಿದ್ದರು. ಎಲ್ಲವನ್ನೂ ಕಲಿತು ಮುಗಿಸಿದವನಿಗೆ ‘ಮೆಂಕ್ಯೊ ಕೈದೆನ್’ ಎಂಬ ಪೂರ್ಣ ಅಧಿಕಾರ ಪತ್ರ ಸಿಗುತ್ತಿತ್ತು. ಕೆಲವು ಪರಂಪರೆಗಳಲ್ಲಿ ಕೊನೆಯ ಗುಟ್ಟನ್ನು ತಲೆಮಾರಿಗೆ ಒಬ್ಬನಿಗೆ ಮಾತ್ರ ಹೇಳಿಕೊಡುತ್ತಿದ್ದರು. ಆ ಒಬ್ಬ ಸಿಗದಿದ್ದರೆ ವಿದ್ಯೆ ಅಲ್ಲಿಗೆ ಮುಗಿಯಿತು.

ಗಂಡು ಮಗ ಇಲ್ಲದ ಮನೆ ಏನು ಮಾಡಬೇಕು? ಅದಕ್ಕೆ ಜಪಾನಿನಲ್ಲಿ ಹಳೆಯ ದಾರಿಯೊಂದಿದೆ. ಮಗಳಿಗೆ ಗಂಡು ನೋಡಿ, ಅವನನ್ನೇ ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಡುವುದು. ಮನೆ ಅಳಿಯನೇ ಮನೆ ಮಗನೂ ಆಗುತ್ತಾನೆ. ಸಮುರಾಯ್ ಮನೆಗಳಲ್ಲಿ, ವ್ಯಾಪಾರಿಗಳ ಮನೆಗಳಲ್ಲಿ, ಕಲಾವಿದರ ಮನೆಗಳಲ್ಲಿ ಇದು ಮಾಮೂಲು. ಇದನ್ನು ನೆನಪಿಟ್ಟುಕೊಳ್ಳಿ. ‘ರಾನ್ಮಾ’ ಕಥೆ ನಿಂತಿರುವುದೇ ಇದರ ಮೇಲೆ.

ಇನ್ನು ಪೈಪೋಟಿಯ ವಿಷಯ. ಒಂದು ಪರಂಪರೆಯವರು ಇನ್ನೊಂದರ ಜೊತೆ ಕೈ ಮಿಲಾಯಿಸುವುದಕ್ಕೆ ಬಹಳಷ್ಟು ಗುರುಗಳು ಒಪ್ಪುತ್ತಿರಲಿಲ್ಲ. ಸೋತರೆ ಒಬ್ಬನ ಮಾನದ ಜೊತೆ ಇಡೀ ಸಾಲಿನ ಹೆಸರೂ ಹೋಗುತ್ತಿತ್ತು. ಗೆದ್ದರೂ ಹಗೆ ಉಳಿಯುತ್ತಿತ್ತು. ಕತ್ತಿವರಸೆಗೆ ಹೆಸರಾದ ಮಿಯಾಮೊತೊ ಮುಸಾಶಿ 1604ರಲ್ಲಿ ಕ್ಯೋಟೊದ ಯೋಶಿಯೊಕಾ ಎಂಬ ಕತ್ತಿಯ ಮನೆತನಕ್ಕೆ ಸವಾಲು ಹಾಕಿದ ಕಥೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಅಣ್ಣ ಸೋತ, ಆಮೇಲೆ ತಮ್ಮ ಬಂದ, ಕೊನೆಗೆ ಶಿಷ್ಯರೆಲ್ಲ ಸೇರಿ ಬಂದರು ಅನ್ನುತ್ತಾರೆ. ಒಬ್ಬನ ಸೋಲು ಇಡೀ ಮನೆತನವನ್ನು ಎಳೆದು ತಂದ ರೀತಿ ಅದು.

ಆಮೇಲೆ 18ನೇ ಶತಮಾನದಲ್ಲಿ ಬಿದಿರಿನ ಕತ್ತಿ, ತಲೆಗೆ ಕೈಗೆ ಹಾಕುವ ರಕ್ಷಾಕವಚ ಬಳಕೆಗೆ ಬಂದವು. ಇದರಿಂದ ಬಹಳ ಬದಲಾಯಿತು. ಪ್ರಾಣ ಹೋಗದೆ ನಿಜವಾಗಿ ಹೊಡೆದಾಡಬಹುದು ಅಂತಾದಾಗ ಪರಂಪರೆ ಪರಂಪರೆಗಳ ನಡುವೆ ಪಂದ್ಯ ಜೋರಾಯಿತು. ಎದೊ ಕಾಲದ ಕೊನೆಯ ಹೊತ್ತಿಗೆ, ಅಂದರೆ 19ನೇ ಶತಮಾನದ ನಡುವೆ, ಈಗ ಟೋಕಿಯೊ ಆಗಿರುವ ಎದೊ ನಗರದಲ್ಲಿ ಮೂರು ದೊಡ್ಡ ಡೋಜೊಗಳು ಹೆಸರು ಮಾಡಿದ್ದವು. ಘನತೆಗೆ ಮೊಮೊನೊಯಿ, ವರಸೆಗೆ ಚಿಬಾ, ಬಲಕ್ಕೆ ಸೈತೊ ಅಂತ ಜನ ಆ ಮೂವರು ಗುರುಗಳ ಬಗ್ಗೆ ಆಡಿಕೊಳ್ಳುತ್ತಿದ್ದರು. ಹೊರಗಿನವನೊಬ್ಬ ಡೋಜೊಗೆ ನುಗ್ಗಿ, ಅಲ್ಲಿನವರನ್ನೆಲ್ಲ ಸೋಲಿಸಿ, ಬಾಗಿಲಿಗೆ ತೂಗುಹಾಕಿದ ಹೆಸರಿನ ಹಲಗೆಯನ್ನೇ ಕಿತ್ತುಕೊಂಡು ಹೋಗುವುದಕ್ಕೆ ‘ಡೋಜೊ ಯಬುರಿ’ ಅಂತ ಹೆಸರು. ಸಿನಿಮಾಗಳಲ್ಲಿ, ಮಂಗಾಗಳಲ್ಲಿ ಸಾವಿರ ಸಲ ಬಂದಿರುವ ದೃಶ್ಯ ಇದು.

1876ರಲ್ಲಿ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದಕ್ಕೆ ಸರ್ಕಾರ ನಿಷೇಧ ಹಾಕಿತು. ಹಳೆಯ ಗುರುಮನೆಗಳು ಬಡವಾದವು. 1882ರಲ್ಲಿ ಜಿಗೊರೊ ಕಾನೊ ಟೋಕಿಯೊದ ಏಶೋಜಿ ದೇವಾಲಯದಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಕೊದೊಕಾನ್ ಎಂಬ ಡೋಜೊ ಶುರು ಮಾಡಿದರು. ಜುಜುತ್ಸು ಎಂಬ ಹಳೆಯ ಬರಿಗೈ ಕಾಳಗದ ವರಸೆಗಳಿಂದ ಜೂಡೊ ಕಟ್ಟಿದರು. ಅಲ್ಲಿಂದ ಮುಂದೆ ಸಮರಕಲೆ ಶಾಲೆಗಳಿಗೆ, ಕ್ಲಬ್ಬುಗಳಿಗೆ, ಪದಕಗಳಿಗೆ ಹೋಯಿತು. ಶಿಷ್ಯರೇ ಇಲ್ಲದ ಹಳೆಯ ಡೋಜೊ, ಅದನ್ನು ಉಳಿಸಿಕೊಳ್ಳಲು ಒದ್ದಾಡುವ ಯಜಮಾನ, ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು. ತಾಕಾಹಾಶಿ ಕಥೆಯನ್ನು ಇಲ್ಲಿಂದಲೇ ಎತ್ತಿಕೊಳ್ಳುತ್ತಾರೆ.

ತೆಂದೊ ಮನೆಯ ಬಾಗಿಲಲ್ಲಿ

ಟೋಕಿಯೊದ ನೆರಿಮಾ ವಾರ್ಡಿನಲ್ಲಿ ಸೋವುನ್ ತೆಂದೊ ಎಂಬಾತನ ಡೋಜೊ ಇದೆ. ಹೆಂಡತಿ ತೀರಿಕೊಂಡಿದ್ದಾಳೆ. ಮೂವರು ಹೆಣ್ಣುಮಕ್ಕಳು: ಮನೆ ನಡೆಸುವ ಕಸುಮಿ, ದುಡ್ಡಿನ ಲೆಕ್ಕದಲ್ಲೇ ಬದುಕುವ ನಬಿಕಿ, ಹೊಡೆದಾಟ ಬಲ್ಲ ಹದಿನಾರರ ಅಕಾನೆ. ಸೋವುನ್ ಮತ್ತು ಅವನ ಗೆಳೆಯ ಗೆನ್ಮಾ ಸಾವೊತೊಮೆ ಒಂದೇ ಗುರುವಿನ ಶಿಷ್ಯರು. ಅವರ ಪರಂಪರೆ ಎರಡು ಕವಲಾಗಿದೆ, ತೆಂದೊ ಕವಲು ಮತ್ತು ಸಾವೊತೊಮೆ ಕವಲು. ನನ್ನ ಮಗ, ನಿನ್ನ ಮಗಳು ಮದುವೆಯಾಗಲಿ, ಎರಡೂ ಕವಲು ಮತ್ತೆ ಒಂದಾಗಲಿ ಅಂತ ಇಬ್ಬರೂ ಹಿಂದೆಯೇ ಮಾತು ಕೊಟ್ಟುಕೊಂಡಿದ್ದಾರೆ. ಮಕ್ಕಳನ್ನು ಯಾರೂ ಕೇಳಿಲ್ಲ.

ಗೆನ್ಮಾ ಮಗ ರಾನ್ಮಾನನ್ನು ಚಿಕ್ಕಂದಿನಲ್ಲೇ ಎತ್ತಿಕೊಂಡು ಸಾಧನೆಗೆ ಅಂತ ಊರೂರು ಅಲೆದವನು. ಚೀನಾದ ಜುಸೆಂಕ್ಯೊ ಎಂಬ ಕಡೆ ಶಾಪಗ್ರಸ್ತ ಹೊಂಡಗಳಿವೆ. ಯಾವ ಹೊಂಡದಲ್ಲಿ ಏನು ಮುಳುಗಿ ಸತ್ತಿದೆಯೋ, ಆ ನೀರಿಗೆ ಬಿದ್ದವರು ಅದೇ ಆಗುತ್ತಾರೆ. ಮೇಲೆ ಬಿದಿರು ಗಳಗಳ ತುದಿಯಲ್ಲಿ ನಿಂತು ಹೊಡೆದಾಡುತ್ತಾ ಇಬ್ಬರೂ ಬಿದ್ದರು. ಅಪ್ಪ ಪಾಂಡಾ ಆದ, ಮಗ ಹುಡುಗಿಯಾದ. ಬಿಸಿನೀರು ಹಾಕಿಕೊಂಡರೆ ಮೊದಲಿನ ರೂಪ, ತಣ್ಣೀರು ಬಿದ್ದರೆ ಮತ್ತೆ ಶಾಪದ ರೂಪ.

ಹೀಗೆ ಮಳೆಯಲ್ಲಿ ನೆನೆದು, ಹುಡುಗಿಯಾಗಿ, ಪಾಂಡಾದ ಹೆಗಲ ಮೇಲೆ ರಾನ್ಮಾ ತೆಂದೊ ಮನೆಗೆ ಬರುತ್ತಾನೆ. ಅಳಿಯ ಬರುತ್ತಾನೆ ಅಂತ ಕಾದಿದ್ದ ಸೋವುನ್ ಮೂರ್ಛೆ ಹೋಗುತ್ತಾನೆ. ಆಮೇಲೆ ಬರುವ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಅಕಾನೆ ಈ ಹೊಸ ಹುಡುಗಿಯನ್ನು ಡೋಜೊಗೆ ಕರೆದುಕೊಂಡು ಹೋಗಿ, ಒಂದು ಕೈ ನೋಡೋಣ ಬಾ ಅನ್ನುತ್ತಾಳೆ. ಅಕಾನೆ ಹೊಡೆಯುತ್ತಾಳೆ, ರಾನ್ಮಾ ತಪ್ಪಿಸಿಕೊಳ್ಳುತ್ತಾನೆ. ಮತ್ತೆ ಹೊಡೆಯುತ್ತಾಳೆ, ಮತ್ತೆ ತಪ್ಪಿಸಿಕೊಳ್ಳುತ್ತಾನೆ. ತಿರುಗಿ ಹೊಡೆಯುವುದೇ ಇಲ್ಲ. ಅವಳು ಪೂರ್ತಿ ಬಲ ಹಾಕಿ ಗುದ್ದುವಾಗ ಅವಳ ತಲೆಯ ಮೇಲಿನಿಂದ ಹಾರಿ, ಹಿಂದೆ ಇಳಿದು, ತಲೆಯ ಹಿಂಭಾಗವನ್ನು ಬೆರಳಿನಿಂದ ಮೆಲ್ಲಗೆ ತಿವಿಯುತ್ತಾನೆ. ಇಬ್ಬರೂ ನಗುತ್ತಾರೆ. ನೀನು ಹುಡುಗಿಯಾಗಿದ್ದು ಒಳ್ಳೆಯದಾಯಿತು, ಹುಡುಗನ ಕೈಲಿ ಸೋಲುವುದು ನನ್ನಿಂದ ಆಗದು ಅನ್ನುವ ಅರ್ಥದ ಮಾತು ಅಕಾನೆಯ ಬಾಯಿಂದ ಬರುತ್ತದೆ.

ಕೆಲವೇ ಪುಟಗಳಲ್ಲಿ ಎಷ್ಟೊಂದು ಹೇಳಿಬಿಟ್ಟರು ನೋಡಿ. ಸಾವೊತೊಮೆ ಕವಲಿನವರು ಗಾಳಿಯಲ್ಲಿ ಹಾರುವವರು, ತಪ್ಪಿಸಿಕೊಳ್ಳುವವರು. ಅಕಾನೆಯದು ನೇರ ಏಟು. ಎರಡು ಕವಲು ಮೊದಲ ಸಲ ಒಂದೇ ನೆಲದ ಮೇಲೆ ನಿಂತಾಗ ಅಲ್ಲಿ ಇದ್ದದ್ದು ಗೆಳೆತನ. ಮದುವೆಯ ಮಾತು ಬಂದ ಕ್ಷಣದಿಂದ ಅದು ಜಗಳವಾಯಿತು. ಹಿರಿಯರ ಮಾತು ನಡುವೆ ಬರದಿದ್ದರೆ ಈ ಇಬ್ಬರೂ ಮೊದಲ ದಿನವೇ ಜೊತೆಯಾಗುತ್ತಿದ್ದರೇನೋ.

ಅಕಾನೆಗೆ ಹುಡುಗರನ್ನು ಕಂಡರೆ ಆಗದಿರುವುದಕ್ಕೂ ಕಾರಣವಿದೆ. ಅವಳನ್ನು ಸೋಲಿಸಿದವನಿಗೆ ಮಾತ್ರ ಅವಳ ಜೊತೆ ಸುತ್ತಾಡುವ ಹಕ್ಕು ಅಂತ ಫೂರಿಂಕಾನ್ ಹೈಸ್ಕೂಲಿನ ಕೆಂಡೊ (ಬಿದಿರಿನ ಕತ್ತಿಯ ಆಟ) ತಂಡದ ನಾಯಕ ತಾತೆವಾಕಿ ಕುನೊ ಸಾರಿಬಿಟ್ಟಿದ್ದಾನೆ. ಹಾಗಾಗಿ ದಿನಾ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಹುಡುಗರ ಹಿಂಡು ಅವಳ ಮೇಲೆ ಬೀಳುತ್ತದೆ. ಅವಳು ಎಲ್ಲರನ್ನೂ ಮಲಗಿಸಿ ಕ್ಲಾಸಿಗೆ ಹೋಗುತ್ತಾಳೆ. ಡೋಜೊ ಯಬುರಿಯ ನಿಯಮವನ್ನೇ ಒಬ್ಬ ಹುಡುಗಿಯ ಮೇಲೆ ಹೇರಿದ ಹಾಗೆ. ನಗಿಸುವ ದೃಶ್ಯವೇ, ಆದರೆ ಅಕಾನೆಯ ಕೋಪ ನನಗೆ ಪೂರ್ತಿ ನ್ಯಾಯವಾಗಿ ಕಾಣುತ್ತದೆ.

ವರಸೆಯೇ ಇಲ್ಲದ ವರಸೆ

ಸಾವೊತೊಮೆ ಮತ್ತು ತೆಂದೊ ಕವಲುಗಳ ಮೂಲ ಪರಂಪರೆಯ ಹೆಸರು ‘ಮುಸಾಬೆತ್ಸು ಕಾಕುತೊ ರ್ಯೂ’. ಕಾಳಗದಲ್ಲಿ ಯಾವ ಕಟ್ಟುಪಾಡೂ ಇಲ್ಲ, ಏನು ಬೇಕಾದರೂ ನಡೆಯುತ್ತದೆ ಎಂಬ ಪಂಥ. ತಾಕಾಹಾಶಿ ಮಾಡಿದ ಅತಿ ಜಾಣತನದ ಆಯ್ಕೆ ಇದೇ.

ಹೇಗೆ ಅಂದರೆ, ಬೇರೆ ಪರಂಪರೆಗಳಿಗೆಲ್ಲ ತಮ್ಮದೇ ನೆಲ, ತಮ್ಮದೇ ನಿಯಮ ಇರುತ್ತದೆ. ಏನು ಬೇಕಾದರೂ ನಡೆಯುತ್ತದೆ ಅನ್ನುವವನು ಮಾತ್ರ ಯಾವ ಸವಾಲಿಗೂ ಇಲ್ಲ ಅನ್ನುವಂತಿಲ್ಲ. ಹಾಗಾಗಿ ರಾನ್ಮಾ ಯಾವಾಗಲೂ ಎದುರಾಳಿಯ ನೆಲದಲ್ಲಿ, ಎದುರಾಳಿಯ ನಿಯಮದಲ್ಲಿ ಹೊಡೆದಾಡುತ್ತಾನೆ. ಕುನೊನ ತಂಗಿ ಕೊದಾಚಿಯದು ರಿದಮಿಕ್ ಜಿಮ್ನಾಸ್ಟಿಕ್ಸ್ ಸಮರಕಲೆ. ಅಲ್ಲಿ ಬರಿಗೈಯಲ್ಲಿ ಹೊಡೆಯುವಂತಿಲ್ಲ. ರಿಬ್ಬನ್, ಚೆಂಡು, ಬಳೆ, ಗದೆಯಂಥ ಸಾಧನ ಕೈಯಲ್ಲಿ ಇರಲೇಬೇಕು. ಬರಿಗೈ ಕಾಳಗದಲ್ಲಿ ಬೆಳೆದ ರಾನ್ಮಾಗೆ ಕೈ ಕಟ್ಟಿ ಹಾಕಿದಂತಾಗುತ್ತದೆ. ಸ್ಕೇಟಿಂಗ್ ಸಮರಕಲೆಯಲ್ಲಿ ಜೋಡಿಯಾಗಿ ಆಡಬೇಕು, ಮಂಜುಗಡ್ಡೆಯ ಮೇಲೆ ಬೀಳದೆ ನಿಲ್ಲುವುದೇ ಅವನಿಗೆ ಬರುವುದಿಲ್ಲ. ಎದುರಿಗಿರುವ ಮಿಕಾದೊ ಮತ್ತು ಅಜುಸಾ ಜೋಡಿ ಹಾಲು ಕುಡಿದಷ್ಟು ಸುಲಭವಾಗಿ ಜಾರುತ್ತಾರೆ. ಫ್ರೆಂಚ್ ಊಟದ ಸಮರಕಲೆಯಲ್ಲಂತೂ ತಿನ್ನುವುದು ಯಾರ ಕಣ್ಣಿಗೂ ಬೀಳದಷ್ಟು ವೇಗವಾಗಿ ತಿಂದು ಮುಗಿಸಬೇಕು.

ಇದರಿಂದ ಕಥೆಗೆ ದೊಡ್ಡ ಲಾಭವಾಯಿತು. ಉದ್ದ ಓಡುವ ಕಾಳಗದ ಮಂಗಾಗಳಲ್ಲಿ ನಾಯಕ ಬಲವಾಗುತ್ತಾ ಹೋಗುತ್ತಾನೆ, ಎದುರಾಳಿ ಅವನಿಗಿಂತ ಬಲವಾಗುತ್ತಾ ಹೋಗುತ್ತಾನೆ. ಕೊನೆಗೆ ಬೆಟ್ಟ ಪುಡಿಯಾದರೂ ಓದುಗನಿಗೆ ಏನೂ ಅನ್ನಿಸುವುದಿಲ್ಲ. ಇಲ್ಲಿ ರಾನ್ಮಾ ಎಷ್ಟೇ ಬಲಶಾಲಿಯಾದರೂ ಹೊಸ ಆಟದಲ್ಲಿ ಅವನು ಹೊಸಬನೇ. ಪ್ರತಿ ಸಲ ಮೊದಲಿನಿಂದ ಕಲಿಯಬೇಕು. ಓದುಗನೂ ಅವನ ಜೊತೆ ನಿಯಮ ಕಲಿಯುತ್ತಾನೆ.

ಚಹಾ ಸಮರಕಲೆಯ ಕಂತನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೈಮೊಂಜಿ ಎಂಬ ಮನೆತನದ ಹುಡುಗ ಸೆಂತಾರೊ. ಮನೆಯವರು ಗೊತ್ತು ಮಾಡಿದ ಮದುವೆಯಿಂದ ತಪ್ಪಿಸಿಕೊಳ್ಳಲು ಹುಡುಗಿ ರೂಪದ ರಾನ್ಮಾನನ್ನು ಮದುಮಗಳು ಅಂತ ಎತ್ತಿಕೊಂಡು ಹೋಗುತ್ತಾನೆ. ಅವರ ಪರಂಪರೆಯಲ್ಲಿ ಕಾಳಗದ ಉದ್ದಕ್ಕೂ ಮಂಡಿಯೂರಿ ಕೂತೇ ಇರಬೇಕು. ಕೂತೇ ಜಾರಬೇಕು, ಕೂತೇ ಎಗರಬೇಕು. ಗಾಳಿಯಲ್ಲಿ ಹಾರುವುದೇ ಬಲವಾಗಿರುವ ರಾನ್ಮಾಗೆ ಕಾಲು ಜೋಮು ಹಿಡಿಯುತ್ತದೆ. ಹೊರಗಿನವರಿಗೆ ಇದು ಎಲ್ಲಿಂದಲೋ ಹುಟ್ಟಿದ ಹುಚ್ಚು ಕಲ್ಪನೆ ಅನ್ನಿಸಬಹುದು. ಜಪಾನಿನ ಓದುಗರಿಗೆ ಹಾಗಲ್ಲ. ಅಲ್ಲಿ ಚಹಾ ವಿಧಿಗೂ ರ್ಯೂ ಇದೆ. ಸೆನ್ ನೊ ರಿಕ್ಯೂ ಎಂಬ 16ನೇ ಶತಮಾನದ ಗುರುವಿನ ವಂಶ ಒಮೊತೆಸೆಂಕೆ, ಉರಾಸೆಂಕೆ, ಮುಶಾಕೋಜಿಸೆಂಕೆ ಅಂತ ಮೂರು ಮನೆಯಾಗಿ ಇಂದಿಗೂ ನಡೆಯುತ್ತಿದೆ. ಹೂವು ಜೋಡಿಸುವುದಕ್ಕೂ ಇಕೆನೊಬೊದಂಥ ಗುರುಮನೆಗಳಿವೆ. ಪಟ್ಟಕ್ಕೆ ಬರುವ ವಾರಸುದಾರ, ಗುಟ್ಟಿನ ಪಾಠ, ಅಧಿಕಾರ ಪತ್ರ ಎಲ್ಲವೂ ಕತ್ತಿಯ ಮನೆಗಳಲ್ಲಿ ಇದ್ದ ಹಾಗೆಯೇ. ಚಹಾದವರಿಗೂ ಕತ್ತಿಯವರಿಗೂ ಮನೆಯ ಚೌಕಟ್ಟು ಒಂದೇ ಆಗಿದ್ದರೆ ಜಗಳವೂ ಒಂದೇ ಥರ ಇರಬಾರದೇಕೆ? ತಾಕಾಹಾಶಿಯ ಹಾಸ್ಯ ಹುಟ್ಟುವುದು ಈ ಪ್ರಶ್ನೆಯಿಂದ.

ಮಂತ್ರದ ಹಾಗೆ ಕಾಣುವ ವರಸೆಗಳಿಗೂ ಅವರು ಒಂದು ತರ್ಕ ಇಡುತ್ತಾರೆ. ನನಗೆ ತುಂಬ ಇಷ್ಟವಾದದ್ದು ‘ಹಿರ್ಯೂ ಶೋತೆನ್ ಹಾ’. ಗೆನ್ಮಾ, ಸೋವುನ್ ಇಬ್ಬರ ಮುದಿ ಗುರು ಹಪ್ಪೋಸಾಯ್ ರಾನ್ಮಾನ ಬೆನ್ನಿನ ಒಂದು ಮರ್ಮಸ್ಥಾನವನ್ನು ಸುಟ್ಟು, ಅವನ ಬಲವನ್ನೆಲ್ಲ ಕಿತ್ತುಕೊಳ್ಳುತ್ತಾನೆ. ಮಕ್ಕಳೂ ಅವನನ್ನು ತಳ್ಳಿ ಬೀಳಿಸಬಹುದು, ಅಷ್ಟು ಬಲಹೀನ. ಆಗ ಚೀನಾದ ಮುದುಕಿ ಕೊಲೋನ್ ಅವನಿಗೆ ಈ ವರಸೆ ಕಲಿಸುತ್ತಾಳೆ. ಎದುರಾಳಿಯನ್ನು ಕೆಣಕಿ ಸಿಟ್ಟು ಬರಿಸಬೇಕು, ಅವನ ಮೈಯಿಂದ ಬಿಸಿ ಏಳಬೇಕು. ತಾನು ಮಾತ್ರ ಮನಸ್ಸನ್ನು ತಣ್ಣಗೆ ಇಟ್ಟುಕೊಂಡು, ಸುರುಳಿ ಸುತ್ತುತ್ತಾ ಹಿಂದೆ ಸರಿಯಬೇಕು. ಸುರುಳಿಯ ನಡುವಿಗೆ ಬಂದಾಗ ತಣ್ಣನೆಯ ಒಂದು ಗುದ್ದು. ಬಿಸಿ ತಣ್ಣಗೆ ಸೇರಿ ಸುಂಟರಗಾಳಿ ಏಳುತ್ತದೆ, ಎದುರಾಳಿ ಅವನ ಸಿಟ್ಟಿನಿಂದಲೇ ಹಾರಿಹೋಗುತ್ತಾನೆ. ಬಲವೇ ಇಲ್ಲದವನು ಬಲಶಾಲಿಯ ಬಲವನ್ನು ಬಳಸುವುದು ಜುಜುತ್ಸುವಿನ ಹಳೆಯ ಪಾಠ. ಅದನ್ನೇ ಹವಾಮಾನದ ಪಾಠವಾಗಿ ತಿರುಗಿಸಿ ಹೇಳಿದ್ದಾರೆ.

ಹಿರಿಯರು ಮಾಡಿಟ್ಟ ಸಾಲ

ಈಗ ಎರಡನೆಯ ವಿಷಯಕ್ಕೆ ಬರೋಣ. ರಾನ್ಮಾನನ್ನು ಅಟ್ಟಿಸಿಕೊಂಡು ಬರುವವರ ಕಥೆಗಳನ್ನು ಒಂದೊಂದಾಗಿ ಬಿಚ್ಚಿದರೆ ತಳದಲ್ಲಿ ಯಾರು ಸಿಗುತ್ತಾರೆ? ಹೆಚ್ಚು ಕಡಿಮೆ ಗೆನ್ಮಾನೇ.

ಉಕ್ಯೋ ಕುವೊಂಜಿಯನ್ನು ತೆಗೆದುಕೊಳ್ಳಿ. ಸಟ್ಟುಗದ ಹುಡುಗಿ ಇವಳೇ. ಒಕೊನೊಮಿಯಾಕಿ ಅಂದರೆ ಕೋಸು, ಹಿಟ್ಟು, ಮೊಟ್ಟೆ ಕಲಸಿ ಕಾವಲಿಯ ಮೇಲೆ ದಪ್ಪಗೆ ಹುಯ್ಯುವ ತಿಂಡಿ. ಉಕ್ಯೋಳ ಅಪ್ಪ ಅದನ್ನು ತಳ್ಳುಗಾಡಿಯಲ್ಲಿ ಮಾರುತ್ತಿದ್ದ. ರಾನ್ಮಾ, ಉಕ್ಯೋ ಇಬ್ಬರೂ ಆಗ ಪುಟ್ಟ ಮಕ್ಕಳು, ಆಟದ ಜೊತೆಗಾರರು. ನನ್ನ ಮಗಳನ್ನು ನಿನ್ನ ಮಗನಿಗೆ ತಂದುಕೋ, ಗಾಡಿಯನ್ನೇ ವರದಕ್ಷಿಣೆಯಾಗಿ ಕೊಡುತ್ತೇನೆ ಅಂದ ಅವಳಪ್ಪ. ಮಗ ಆಗಲೇ ತೆಂದೊ ಮನೆಗೆ ಅಂತ ಮಾತಾಗಿತ್ತು. ಗೆನ್ಮಾ ಏನು ಮಾಡಿದ? ಮಗನನ್ನು ಕೇಳಿದ: ನಿನಗೆ ಉಕ್ಯೋ ಇಷ್ಟವೋ, ಒಕೊನೊಮಿಯಾಕಿ ಇಷ್ಟವೋ? ಹಸಿದ ಹುಡುಗ ತಿಂಡಿ ಅಂದ. ಗೆನ್ಮಾ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟ. ಉಕ್ಯೋ ಹಿಂದೆ ಓಡಿಬರುತ್ತಿದ್ದರೂ ನಿಲ್ಲಿಸಲಿಲ್ಲ. ಆ ಅವಮಾನಕ್ಕೆ ಅವಳು ಹುಡುಗಿಯ ಬಾಳನ್ನೇ ಬದಿಗಿಟ್ಟು, ಹುಡುಗನ ವೇಷದಲ್ಲಿ ಒಕೊನೊಮಿಯಾಕಿ ಸಮರಕಲೆ ಕಲಿತು, ವರ್ಷಗಳ ಮೇಲೆ ಸೇಡಿಗೆ ಬಂದು ನಿಲ್ಲುತ್ತಾಳೆ. ಇಷ್ಟಕ್ಕೂ ರಾನ್ಮಾಗೆ ಆ ಪ್ರಶ್ನೆಯ ಅರ್ಥವೇ ಗೊತ್ತಿರಲಿಲ್ಲ. ಉಕ್ಯೋ ಹುಡುಗಿ ಅನ್ನುವುದೂ ಗೊತ್ತಿರಲಿಲ್ಲ.

ಶಾಂಪೂ ಕಥೆಯಲ್ಲಿ ಊರಿನ ಕಟ್ಟಳೆ ಕೆಲಸ ಮಾಡುತ್ತದೆ. ಅವಳು ಚೀನಾದ ಹೆಣ್ಣು ಯೋಧರ ಬುಡಕಟ್ಟಿನವಳು. ಹೊರಗಿನ ಹೆಣ್ಣು ಸೋಲಿಸಿದರೆ ಅವಳನ್ನು ಕೊಲ್ಲಲೇಬೇಕು, ಹೊರಗಿನ ಗಂಡು ಸೋಲಿಸಿದರೆ ಅವನನ್ನು ಮದುವೆಯಾಗಲೇಬೇಕು ಅನ್ನುವುದು ಅಲ್ಲಿನ ನಿಯಮ. ಅಲ್ಲಿನ ಪಂದ್ಯದಲ್ಲಿ ಗೆದ್ದವರಿಗೆ ಅಂತ ಇಟ್ಟಿದ್ದ ಊಟಕ್ಕೆ ಪಾಂಡಾ ರೂಪದ ಗೆನ್ಮಾ ಬಾಯಿ ಹಾಕಿದ. ತಪ್ಪಿಸಿಕೊಳ್ಳಲು ಹುಡುಗಿ ರೂಪದ ರಾನ್ಮಾ ಪಂದ್ಯ ಗೆದ್ದ ಶಾಂಪೂಳನ್ನೇ ಸೋಲಿಸಬೇಕಾಯಿತು. ಆಮೇಲೆ ಜಪಾನಿನಲ್ಲಿ ಹುಡುಗ ರೂಪದಲ್ಲೂ ಅಚಾನಕ್ಕಾಗಿ ಸೋಲಿಸಿದ. ಒಬ್ಬನೇ ಮನುಷ್ಯನನ್ನು ಅವಳು ಕೊಲ್ಲಲೂ ಬೇಕು, ಮದುವೆಯಾಗಲೂ ಬೇಕು. ಪರಂಪರೆಯ ನಿಯಮಗಳು ಎಷ್ಟು ಕುರುಡು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಿದ ಕಾಮಿಕ್ ನಾನು ಓದಿಲ್ಲ.

ರ್ಯೂ ಕುಮೊನ್ ಎಂಬ ಹುಡುಗನ ಕಥೆ ಇನ್ನೂ ಕಹಿ. ಗೆನ್ಮಾ ತಾನೇ ಕಂಡುಹಿಡಿದು, ಅಪಾಯ ಅಂತ ಮುಚ್ಚಿಟ್ಟ ಎರಡು ವರಸೆಗಳಿವೆ. ಒಂದು ಕಳ್ಳನ ಹಾಗೆ ಸದ್ದಿಲ್ಲದೆ ನಡೆಯುವುದು, ಇನ್ನೊಂದು ದರೋಡೆಕೋರನ ಹಾಗೆ ಬಾಗಿಲು ಒಡೆದು ನುಗ್ಗುವುದು. ಎರಡನೆಯದರ ಸುರುಳಿಯನ್ನು ಹಸಿದ ಹೊಟ್ಟೆಗೆ ಊಟ ಸಿಕ್ಕಿತು ಅಂತ ರ್ಯೂನ ಅಪ್ಪನಿಗೆ ಕೊಟ್ಟಿದ್ದ. ಡೋಜೊ ಉಳಿಸಿಕೊಳ್ಳುವ ಆಸೆಯಿಂದ ಆತ ಅದನ್ನು ಅಭ್ಯಾಸ ಮಾಡಿದ. ಕಟ್ಟಡವೇ ಮೇಲೆ ಕುಸಿದು ಸತ್ತ. ಅನಾಥನಾದ ಮಗ ಉಳಿದ ಸುರುಳಿಗಾಗಿ ಅಲೆಯುತ್ತಾ ಬರುತ್ತಾನೆ. ಹಾಸ್ಯದ ಕಥೆಯೊಳಗೆ ತಾಕಾಹಾಶಿ ಇಂಥದ್ದೊಂದನ್ನು ಇಟ್ಟಿದ್ದಾರೆ ಅಂತ ಬಹಳ ಜನ ಗಮನಿಸುವುದಿಲ್ಲ.

ರಾನ್ಮಾನ ಸ್ವಂತ ಮೈಯ ಮೇಲೂ ಅಪ್ಪನ ಕೆಲಸದ ಗುರುತುಗಳಿವೆ. ಅವನಿಗೆ ಬೆಕ್ಕು ಕಂಡರೆ ಕೈಕಾಲು ನಡುಗುತ್ತದೆ. ಬೆಕ್ಕಿನ ವರಸೆ ಕಲಿಸುತ್ತೇನೆ ಅಂತ ಗೆನ್ಮಾ ಪುಟ್ಟ ಮಗನ ಮೈಗೆ ಮೀನಿನ ತಿನಿಸು ಸುತ್ತಿ, ಹಸಿದ ಬೆಕ್ಕುಗಳ ಗುಂಡಿಗೆ ಎಸೆದಿದ್ದ. ಇದು ಹುಚ್ಚರು ಮಾಡುವ ಕೆಲಸ ಎಂಬ ಎಚ್ಚರಿಕೆ ಪುಸ್ತಕದ ಮುಂದಿನ ಪುಟದಲ್ಲಿತ್ತು. ಅವನು ಪುಟ ತಿರುಗಿಸಿರಲಿಲ್ಲ. ಹೆಂಡತಿ ನೊದೊಕಾಗೂ ಒಂದು ಮಾತು ಕೊಟ್ಟಿದ್ದಾನೆ: ಮಗನನ್ನು ಗಂಡಸರಲ್ಲಿ ಗಂಡಸಾಗಿ ಬೆಳೆಸುತ್ತೇನೆ, ಇಲ್ಲದಿದ್ದರೆ ಅಪ್ಪ ಮಗ ಇಬ್ಬರೂ ಹೊಟ್ಟೆ ಬಗೆದುಕೊಂಡು ಸಾಯುತ್ತೇವೆ. ಆ ಪತ್ರಕ್ಕೆ ಮಗು ರಾನ್ಮಾನ ಅಂಗೈ ಗುರುತನ್ನೂ ಒತ್ತಿಸಿದ್ದ. ಹಾಗಾಗಿ ತಾಯಿ ಮನೆಗೆ ಬಂದಾಗ ರಾನ್ಮಾ ‘ರಾಂಕೊ’ ಎಂಬ ಹುಡುಗಿಯಾಗಿ ಅವಳ ಎದುರು ಕೂರುತ್ತಾನೆ. ನಾನೇ ನಿನ್ನ ಮಗ ಅಂತ ಹೇಳುವಂತಿಲ್ಲ.

ಇದಕ್ಕೆ ವಿರುದ್ಧವಾಗಿ ರ್ಯೋಗಾ ಹಿಬಿಕಿಯ ಹಗೆ ನೋಡಿ. ದಾರಿ ತಪ್ಪುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಳೆಯ ಶಾಲೆಯಲ್ಲಿ ಊಟದ ಹೊತ್ತಿಗೆ ಬ್ರೆಡ್ಡಿಗಾಗಿ ಇಬ್ಬರಿಗೂ ಜಗಳ. ರ್ಯೋಗಾನ ಮನೆಯ ಹಿಂದಿನ ಬಯಲಲ್ಲಿ ಕಾಳಗ ಅಂತ ಗೊತ್ತು ಮಾಡಿದರು. ರಾನ್ಮಾ ಮೂರು ದಿನ ಕಾದ. ದಾರಿ ತಪ್ಪಿದ ರ್ಯೋಗಾ ನಾಲ್ಕನೆಯ ದಿನ ಬಂದ. ಆ ಹೊತ್ತಿಗೆ ರಾನ್ಮಾ ಚೀನಾಕ್ಕೆ ಹೋಗಿದ್ದ. ಅವನನ್ನು ಹುಡುಕಿಕೊಂಡು ಹೋದ ರ್ಯೋಗಾ ಹೊಂಡಕ್ಕೆ ಬಿದ್ದು ಪುಟ್ಟ ಕರಿ ಹಂದಿಮರಿಯಾದ. ಇಲ್ಲಿ ಪರಂಪರೆಯೂ ಇಲ್ಲ, ಹಿರಿಯರ ಮಾತೂ ಇಲ್ಲ. ಹುಡುಗರೇ ಮಾಡಿಕೊಂಡ ಜಗಳ. ಅದಕ್ಕೇ ಇರಬೇಕು, ಎಷ್ಟು ಬಡಿದಾಡಿದರೂ ಈ ಇಬ್ಬರೂ ಕಷ್ಟ ಬಂದಾಗ ಪಕ್ಕಪಕ್ಕದಲ್ಲೇ ನಿಲ್ಲುತ್ತಾರೆ.

ಹೇಗೆ ನೋಡಬೇಕು, ಎಲ್ಲಿ ತಡೆಯುತ್ತದೆ

ಎಲ್ಲವೂ ಇಂದು ಹಾಗೇ ರುಚಿಸುವುದಿಲ್ಲ. ಮೂಲಗುರು ಹಪ್ಪೋಸಾಯ್ ಹೆಂಗಸರ ಒಳಉಡುಪು ಕದಿಯುವ ಮುದುಕ. ಗೆನ್ಮಾ, ಸೋವುನ್ ಇಬ್ಬರೂ ಅವನನ್ನು ಗುಹೆಯಲ್ಲಿ ಬಂಧಿಸಿ ಓಡಿದ್ದವರು. ಗುರುವಿನ ಭಯವನ್ನೇ ಅಣಕಿಸುವ ಪಾತ್ರ ಅಂತ ಅರ್ಥವಾಗುತ್ತದೆ. ಆದರೆ ಅವನು ಹುಡುಗಿಯರ ಮೈಮೇಲೆ ಬೀಳುವ ಜೋಕುಗಳು ಮತ್ತೆ ಮತ್ತೆ ಬರುತ್ತವೆ, ನನಗೆ ಅಲ್ಲಿ ನಗು ಬರುವುದಿಲ್ಲ. ಚೀನಾದವರನ್ನು ಚಿತ್ರಿಸಿದ ರೀತಿಯಲ್ಲೂ ಆ ಕಾಲದ ಅಚ್ಚುಗಳೇ ಜಾಸ್ತಿ. ಶಾಂಪೂಳ ಮುರುಕು ಜಪಾನಿ ಅದರಲ್ಲೊಂದು.

ಅನಿಮೆ ಎರಡು ಸಲ ಬಂದಿದೆ. 1989ರಿಂದ 1992ರವರೆಗೆ ಸ್ಟುಡಿಯೊ ದೀನ್ ಮಾಡಿದ್ದು ಎರಡು ಸರಣಿ ಸೇರಿ 161 ಎಪಿಸೋಡ್. 2024ರ ಅಕ್ಟೋಬರ್‌ನಲ್ಲಿ ಮಾಪ್ಪಾ ಸ್ಟುಡಿಯೊ ಹೊಸದಾಗಿ ಶುರು ಮಾಡಿತು, ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತದೆ. ಹುಡುಗ ರಾನ್ಮಾಗೆ ಕಾಪ್ಪೆಯ್ ಯಾಮಾಗುಚಿ, ಹುಡುಗಿ ರಾನ್ಮಾಗೆ ಮೆಗುಮಿ ಹಾಯಾಶಿಬಾರಾ, ಅಕಾನೆಗೆ ನೊರಿಕೊ ಹಿದಾಕಾ, ಹೀಗೆ ಹಳೆಯ ದನಿಗಳೇ ಮೂವತ್ತು ವರ್ಷದ ಮೇಲೆ ಮರಳಿ ಬಂದಿವೆ. ಹಳೆಯದರಲ್ಲಿ ಮಂಗಾದಲ್ಲಿಲ್ಲದ ಕಂತುಗಳು ತುಂಬ ಇವೆ. ಹೊಸದು ಮಂಗಾದ ದಾರಿಯನ್ನೇ ಹಿಡಿದು ನಡೆಯುತ್ತದೆ. ಯಾವ ಜಗಳ ಯಾವುದರಿಂದ ಹುಟ್ಟಿತು ಅಂತ ತಿಳಿಯಬೇಕಾದವರು ಹೊಸದರಿಂದ ಶುರು ಮಾಡಿ, ಮಂಗಾಗೆ ಹೋಗುವುದು ಒಳ್ಳೆಯದು. ರ್ಯೂ ಕುಮೊನ್‌ನ ಕಥೆಯನ್ನು ಹಳೆಯ ಟಿವಿ ಸರಣಿ ಮುಟ್ಟಲೇ ಇಲ್ಲ, ಅದಕ್ಕೆ ಪುಸ್ತಕವೇ ಗತಿ.

38ನೇ ಸಂಪುಟದ ಕೊನೆಗೆ ತೆಂದೊ ಡೋಜೊದಲ್ಲಿ ರಾನ್ಮಾ, ಅಕಾನೆಯ ಮದುವೆಗೆ ಚಪ್ಪರ ಏಳುತ್ತದೆ. ಗಂಡಾಗಿಯೇ ಉಳಿಯಲು ಬೇಕಾದ ಹೊಂಡದ ನೀರೂ ಒಂದು ಪೀಪಾಯಿಯಲ್ಲಿ ಬಂದಿರುತ್ತದೆ. ಆ ಹೊತ್ತಿಗೆ ಎಲ್ಲ ಎದುರಾಳಿಗಳೂ ಬಾಗಿಲು ಒಡೆದು ನುಗ್ಗುತ್ತಾರೆ. ನೀರನ್ನು ಹಪ್ಪೋಸಾಯ್ ಹೆಂಡ ಅಂದುಕೊಂಡು ಕುಡಿದುಬಿಡುತ್ತಾನೆ. ಮದುವೆ ನಿಲ್ಲುತ್ತದೆ. ಇದೇನು ಅರ್ಧಕ್ಕೆ ಬಿಟ್ಟರು ಅಂತ ಬೇಸರ ಪಟ್ಟ ಓದುಗರು ಬಹಳ. ನನಗೆ ಅದು ಸರಿಯಾದ ಮುಕ್ತಾಯ ಅನ್ನಿಸುತ್ತದೆ. ಆ ಮದುವೆ ಅಂದು ನಡೆದಿದ್ದರೆ ಅಪ್ಪಂದಿರ ಮಾತು ಗೆಲ್ಲುತ್ತಿತ್ತು. ರಾನ್ಮಾ ಮತ್ತು ಅಕಾನೆ ಒಬ್ಬರನ್ನೊಬ್ಬರು ಇಷ್ಟಪಡುತ್ತಾರೆ ಅನ್ನುವುದು ಅಷ್ಟು ಹೊತ್ತಿಗೆ ಓದುಗನಿಗೆ ಗೊತ್ತಾಗಿರುತ್ತದೆ. ಅದನ್ನು ಯಾವಾಗ, ಹೇಗೆ ಒಪ್ಪಿಕೊಳ್ಳಬೇಕು ಅನ್ನುವುದನ್ನು ತಾಕಾಹಾಶಿ ಆ ಇಬ್ಬರಿಗೇ ಬಿಟ್ಟಿದ್ದಾರೆ.